ಬೆಂಡೆಯ ತಲೆ ಕತ್ತರಿಸಿದವನು

ಕತ್ತರಿಸಿಹೋದ ಬೆಂಡೆ ಗಿಡದ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಾನು ಸಲೂನಿನೊಳಗೆ ನುಗ್ಗಿದಾಗ, ಅವನು ಒಬ್ಬ ಹಿರಿಯರ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ.

"ಇದು ನಿಮ್ಮ ಕೆಲಸಾನಾ?"

ಅವನು ತಿರುಗಲಿಲ್ಲ, ಎದುರಿನ ಕನ್ನಡಿಯಲ್ಲೇ ನನ್ನನ್ನು ನೋಡಿದ. ನಾನೂ ಕನ್ನಡಿಯಲ್ಲೇ ದುರುಗುಟ್ಟಿದೆ. ನಮ್ಮ ಹಿತ್ತಿಲಿಗೂ ಅವನ ಸಲೂನಿನ ಹಿಂದಿನ ಅಂಗಳಕ್ಕೂ ನಡುವೆ ಎತ್ತರದ ಗೋಡೆಯಿದೆ. ಅವನು ಸ್ಟೂಲ್ ಹತ್ತಿ ನಿಂತರೆ ಈ ಕಡೆಗೆ ಕಾಣುವುದು ಮೂಗಿನಿಂದ ಮೇಲೆ ಮಾತ್ರ. ಬೀಜ ಹಾಕಿದ ದಿನದಿಂದ ನಾನು ಅಷ್ಟು ಭಾಗದ ಜೊತೆಗೇ ಹರಟೆ ಹೊಡೆದುಕೊಂಡು ಬಂದಿದ್ದೆ. ಪೂರ್ತಿ ಮುಖ ನೋಡಿದ್ದು ಅವತ್ತೇ ಮೊದಲು. ನಗುವ ಬಾಯಿ, ನೋಡಲು ಚೆನ್ನಾಗಿತ್ತು. ಅದಕ್ಕೂ ಸಿಟ್ಟು ಬಂತು.

"ಹೌದು, ನಾನೇ. ಚೆನ್ನಾಗಿ ಬಂದಿದೆ ಅಲ್ವಾ? ಎಲ್ಲಾ ಒಂದೇ ಲೆವೆಲ್."

"ಲೆವೆಲ್ಲಾ! ರೀ, ಅವು ಬೆಂಡೆ ಗಿಡ. ಕಾಲೇಜ್ ಹುಡುಗರ ತಲೆ ಅಲ್ಲ!"

"ನೀವೇ ಹೇಳಿದ್ರಲ್ಲ, ಬರೀ ಎತ್ತರಕ್ಕೇ ಹೋಗ್ತಿವೆ, ಕಾಯಿ ಬಿಡೋ ಯೋಚನೇನೇ ಇಲ್ಲ ಅಂತ. ನೀವು ಕೆಲಸಕ್ಕೆ ಹೋದ ಮೇಲೆ ಗೋಡೆ ಹಾರಿ, ನನ್ನ ಒಳ್ಳೇ ಕತ್ತರಿ ತಗೊಂಡು..."

ನಾನು ಒಂದು ತುದಿಯನ್ನು ಅವನ ಮೂಗಿಗೇ ಹಿಡಿದೆ. ಎಳೆ ಎಲೆಗಳ ನಡುವೆ ಪುಟ್ಟ ಪುಟ್ಟ ಹಸಿರು ಮೊಗ್ಗುಗಳು ಒತ್ತಿಕೊಂಡು ಕೂತಿದ್ದವು.

"ಇದೇನು ಗೊತ್ತಾ? ಮೊಗ್ಗು. ಇವತ್ತೋ ನಾಳೆಯೋ ಅರಳಬೇಕಿತ್ತು."

ಅವನ ಮುಖದ ನಗು ಇಳಿಯಿತು. ಕುರ್ಚಿಯಲ್ಲಿದ್ದ ಹಿರಿಯರು ನೊರೆಯೊಳಗಿಂದ ಸಮಾಧಾನ ಹೇಳಿದರು. "ಬಿಡಮ್ಮ, ಕತ್ತರಿಸಿದಷ್ಟೂ ದಟ್ಟವಾಗಿ ಬೆಳೆಯುತ್ತೆ."

"ಅದು ಸುಳ್ಳು ಸಾರ್," ಅಂದ ಅವನು, ಸಣ್ಣ ದನಿಯಲ್ಲಿ. "ಗಿರಾಕಿಗಳಿಗೆ ದಿನಾ ನಾನೇ ಹೇಳೋದು."

ಬೆಂಡೆಗೆ ಅಷ್ಟು ರಂಪ ಯಾಕೆ ಅಂತ ನಿಮಗೂ ಅನಿಸಬಹುದು. ನಾನು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜುವವಳು. ಇರುವುದು ಚಿಕ್ಕಮ್ಮನ ಮನೆಯಲ್ಲಿ. ಅಲ್ಲಿ ಮಂಚ ತಂಗಿಯದು, ಬೀರು ಚಿಕ್ಕಮ್ಮನದು, ಟಿವಿ ಚಿಕ್ಕಪ್ಪನದು. ಯಾರೂ ನನ್ನನ್ನು ಕಡೆಗಣಿಸಿಲ್ಲ, ಆದರೂ ಇದು ನನ್ನದು ಅಂತ ಕೈಯಿಡಲು ಇದ್ದದ್ದು ಹಿತ್ತಿಲಿನ ಆ ಮಣ್ಣಿನ ಪಟ್ಟಿ ಒಂದೇ. ಚಿಕ್ಕಮ್ಮನಿಗೆ ಅಲ್ಲಿ ಸಿಮೆಂಟು ಹಾಕಿಸಬೇಕು. ದೊಡ್ಡ ಮಗಳ ಗಂಡ ಬಂದಾಗ ಕಾರು ಬೀದಿಯಲ್ಲಿ ನಿಲ್ಲಬಾರದು, ಅದು ಅವರ ಮರ್ಯಾದೆಯ ಪ್ರಶ್ನೆ.

ನಾನು ಅತ್ತೂ ಕರೆದೂ ಮಾಡಿದ ಮೇಲೆ ಚಿಕ್ಕಮ್ಮ ಒಂದು ಷರತ್ತು ಹಾಕಿದ್ದರು. "ಅಳಿಯ ಬಂದ ದಿನ ಇದೇ ಮಣ್ಣಿನ ಬೆಂಡೆಕಾಯಿ ಆಗಬೇಕು. ಊಟಕ್ಕೆ ಕೂತವರಿಗೆಲ್ಲ ಕೇಳಿದಷ್ಟು ಬಡಿಸು, ಹಿತ್ತಿಲು ನಿನ್ನದು. ಒಬ್ಬರಿಗೆ ಕಮ್ಮಿ ಬಿದ್ದರೂ ಸಿಮೆಂಟು."

ನಾನು ಹೂಂ ಅಂದಿದ್ದೆ. ಹಟದಲ್ಲಿ ನಾವಿಬ್ಬರೂ ಒಂದೇ ಅಚ್ಚು.

ಅವನಿಗೂ ಇಷ್ಟೆಲ್ಲ ಹೇಳಿದೆ. ಕೇಳಿಸಿಕೊಂಡು ಅವನು ನೊರೆಯ ಬ್ರಷ್ ಕೆಳಗಿಟ್ಟ. "ಅಳಿಯ ಯಾವಾಗ ಬರ್ತಾರೆ?"

"ಮುಂದಿನ ತಿಂಗಳು."

"ಹಾಗಾದ್ರೆ ಇನ್ನೂ ಟೈಮ್ ಇದೆ. ನಾಳೆಯಿಂದ ನಾನು ಬರ್ತೀನಿ. ಬೇಡ ಅಂದ್ರೂ ಬರ್ತೀನಿ."

"ಕತ್ತರಿ ಮನೇಲಿಟ್ಟು ಬನ್ನಿ."

ಬಂದ. ದಿನಾ ಬೆಳಗ್ಗೆ, ಸಲೂನಿನ ಬಾಗಿಲು ತೆಗೆಯುವ ಮುಂಚೆ, ಗೋಡೆ ಹಾರದೆ ಹಿಂದಿನ ಓಣಿಯ ಗೇಟಿನಿಂದ ಮರ್ಯಾದಸ್ಥನ ಹಾಗೆ ಬಂದ. ನಾನು ಬುಡ ಸಡಿಲಿಸಿದರೆ ಅವನು ನೀರು ಹಾಕುತ್ತಿದ್ದ. ಎಲೆಯಡಿಯ ಹುಳು ಹುಡುಕುವುದರಲ್ಲಿ ಅವನ ಕಣ್ಣು ಚುರುಕು. ಮೊದಲ ದಿನ ತುಂಡು ತೋಳಿನ ಅಂಗಿಯಲ್ಲಿ ಗಿಡಗಳ ನಡುವೆ ತೂರಿ, ಎಲೆಯ ಮುಳ್ಳಿನಂಥ ಸುಂಕು ತಾಗಿ, ಎರಡೂ ತೋಳು ಪರಪರ ಕೆರೆದುಕೊಂಡು ಕುಣಿದ.

"ಬೇಕಿತ್ತಾ?" ಅಂದೆ.

"ಬೇಕಿತ್ತು. ಗಿಡಗಳಿಗೂ ನನ್ನ ಮೇಲೆ ಸಿಟ್ಟಿರುತ್ತಲ್ಲ. ತೀರಿಸಿಕೊಳ್ಳಲಿ."

ನಗು ಬಂತು. ಮುಖ ಆ ಕಡೆ ತಿರುಗಿಸಿ ನಕ್ಕೆ. ಅವನು ಅದನ್ನು ನೋಡಲೆಂದೇ ಬಕೆಟ್ ಹಿಡಿದು ಆ ಕಡೆಗೇ ಬಂದು ನಿಂತ.

ಕತ್ತರಿಸಿದ ಗಿಡಗಳು ಸುಮ್ಮನೆ ಕೂರಲಿಲ್ಲ. ಎಲೆಯ ಕಂಕುಳಲ್ಲೆಲ್ಲ ಹೊಸ ಚಿಗುರು ಎದ್ದಿತು. ಒಂದು ಕಾಂಡವಿದ್ದ ಕಡೆ ಎರಡು ಮೂರು ಕೊಂಬೆ. ಅವುಗಳಲ್ಲಿ ಮೊಗ್ಗು. ಒಂದು ಬೆಳಗ್ಗೆ ಮೊದಲ ಹೂವು ಅರಳಿತು, ತಿಳಿಹಳದಿ ಬಣ್ಣ, ನಡುವೆ ಕಡುಗೆಂಪು. ಇಬ್ಬರೂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ಭುಜಕ್ಕೆ ಭುಜ ತಾಗಿತು. ಯಾರೂ ಸರಿಯಲಿಲ್ಲ.

"ಸಂಜೆ ಬಂದು ಇನ್ನೊಂದ್ಸಲ ನೋಡ್ತೀನಿ," ಅಂದ.

"ಸಂಜೆಗೆ ಮುದುಡಿರುತ್ತೆ. ಇದಕ್ಕೆ ಒಂದೇ ಬೆಳಗು."

"ಹಾಗಾದ್ರೆ ಇವತ್ತು ಅಂಗಡಿ ಲೇಟು," ಅಂದು ಅಲ್ಲೇ ಕೂತ. ಹೂವನ್ನೇ ನೋಡುತ್ತಿದ್ದಾನೆ ಅಂದುಕೊಂಡು ನಾನು ಮೆಲ್ಲಗೆ ತಿರುಗಿದೆ. ಅವನು ಹೂವನ್ನು ನೋಡುತ್ತಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಆ ಹೊತ್ತಿಗೆ ನನಗೆ ಅವನ ಮೇಲೆ ಪ್ರೀತಿ ಹುಟ್ಟಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಹಟ ಹಿಡಿದಿರುವಾಗ ಇನ್ನೊಂದಕ್ಕೆ ಕೈಹಾಕುವ ಜಾಯಮಾನ ನನ್ನದಲ್ಲ. ಮೊದಲು ಬೆಂಡೆ, ಆಮೇಲೆ ಅವನು ಅಂತ ನನಗೆ ನಾನೇ ಹೇಳಿಕೊಂಡೆ.

ಕಾಯಿ ಎಳೆಯದಾಗಿರುವಾಗಲೇ ಕೊಯ್ಯಬೇಕು. ಎರಡು ದಿನ ಬಿಟ್ಟರೆ ನಾರು. ಸಿಕ್ಕಷ್ಟನ್ನು ಕೊಯ್ದು, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಕೂಡಿಟ್ಟೆ. ಗಿಡ ಮನಸ್ಸು ಮಾಡಿತ್ತು, ನಿಜ. ಆದರೆ ತಡವಾಗಿ ಮಾಡಿತ್ತು. ಅಳಿಯ ಬರುವ ಬೆಳಗ್ಗೆ ಬುಟ್ಟಿ ಮುಕ್ಕಾಲೂ ತುಂಬಿರಲಿಲ್ಲ.

ಅವನು ಗೇಟಿನಲ್ಲಿ ಒಂದು ಚೀಲ ಹಿಡಿದು ನಿಂತಿದ್ದ. ಚೀಲದ ತುಂಬ ಮಾರ್ಕೆಟ್ಟಿನ ಬೆಂಡೆಕಾಯಿ.

"ಬೆರೆಸಿಬಿಡಿ. ಬೆಂಡೆಕಾಯಿ ಮೇಲೇನು ಹೆಸರು ಬರೆದಿರುತ್ತಾ?"

"ಬೇಡ."

"ಸೋತ್ರೆ ನನ್ನಿಂದ ಸೋತ ಹಾಗೆ. ಅದು ನನ್ನ ಕೈಲಾಗಲ್ಲ."

"ಮೋಸ ಮಾಡಿ ಗೆದ್ದ ಮಣ್ಣಲ್ಲಿ ಏನು ಬೆಳೆದ್ರೂ ನನಗೆ ರುಚಿಸಲ್ಲ. ತಗೊಂಡು ಹೋಗಿ."

ಅವನು ತಲೆಯಾಡಿಸಿ, ಚೀಲ ಹಿಡಿದು ಹೊರಟುಹೋದ.

ಬೆಂಡೆಕಾಯಿಯನ್ನು ಒಣಬಟ್ಟೆಯಿಂದ ಒರೆಸಿ ಹೆಚ್ಚಿದೆ. ಲೋಳೆ ಬಿಡದಂತೆ ಅಗಲದ ಬಾಣಲೆಯಲ್ಲಿ ಗರಿಗರಿ ಹುರಿದೆ. ಅಕ್ಕ ಬಂದಿರಲಿಲ್ಲ, ಭಾವ ಒಬ್ಬರೇ. ಐದು ತಟ್ಟೆಗೆ ಲೆಕ್ಕ ಹಾಕಿ ಬಡಿಸಿದೆ. ತಂಗಿ ಪಾಪ, ಬೆಂಡೆಕಾಯಿ ಪ್ರಾಣ ಅನ್ನುವವಳು, ನನಗೋಸ್ಕರ ಸಾಕು ಸಾಕು ಅಂದಳು. ಚಿಕ್ಕಪ್ಪ ಹಲ್ಲುನೋವಿನ ನೆಪ ಹೇಳಿದರು. ನಾನು ಎರಡೇ ತುಂಡು ಹಾಕಿಕೊಂಡೆ. ಚಿಕ್ಕಮ್ಮ ಬಡಿಸಿದಷ್ಟನ್ನೇ ಉಂಡರು. ಪಾತ್ರೆ ಸರಿಯಾಗಿ ಖಾಲಿಯಾಗಿತ್ತು. ಗೆದ್ದೆ ಅಂತ ನಾನು ಉಸಿರು ಬಿಟ್ಟೆ.

ಆಗ ಭಾವ ಬೆರಳು ನೆಕ್ಕುತ್ತಾ ತಲೆಯೆತ್ತಿದರು. "ಇಷ್ಟು ರುಚಿಯಾದ ಬೆಂಡೆಕಾಯಿ ನಾನು ತಿಂದೇ ಇಲ್ಲ. ಇನ್ನೊಂಚೂರು ಹಾಕು."

ಪಂದ್ಯದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ತಂಗಿ ಮೇಜಿನಡಿ ಅವರ ಕಾಲು ತುಳಿದಳು. "ಯಾಕೆ ತುಳೀತೀಯ?" ಅಂದರು ಭಾವ. ಖಾಲಿ ಪಾತ್ರೆ ಹಿಡಿದು ನಾನು ನಿಂತೇ ಇದ್ದೆ. ಚಿಕ್ಕಮ್ಮ ನನ್ನ ಮುಖ ನೋಡಿದರು. ಅವರ ಕಣ್ಣಲ್ಲೂ ನೀರಿತ್ತು, ಆದರೂ ಮಾತು ಮಾತೇ.

"ಅಡುಗೆ ನಿಜವಾಗಲೂ ಚೆನ್ನಾಗಿತ್ತು," ಅಂದರು. "ಇನ್ನೊಂದು ವರ್ಷ ಬೇಕಾದರೆ ಬಿಡಲೇನೇ?"

"ಬೇಡ ಚಿಕ್ಕಮ್ಮ. ಸೋತಿದ್ದು ಸೋತಿದ್ದೇ."

ಸಿಮೆಂಟಿನವರು ಬಂದ ದಿನ ನನಗೆ ನೋಡಲಾಗಲಿಲ್ಲ. ಗಿಡ ಕೀಳುವ ಸದ್ದು ಕೇಳಿದ್ದೇ, ಉಳಿದಿದ್ದ ಬೀಜದ ಪೊಟ್ಟಣ ಒಂದನ್ನೇ ಎತ್ತಿಕೊಂಡು ಹಿಂದಿನ ಓಣಿಗೆ ಓಡಿದೆ. ಪಕ್ಕದ ಗೇಟು ತೆರೆದಿತ್ತು. ಅಳು ಯಾರಿಗೂ ಕಾಣದಿರಲಿ ಅಂತ ಒಳಗೆ ನುಗ್ಗಿದೆ.

ಅವನ ಅಂಗಳ ಪೂರ್ತಿ ಸಿಮೆಂಟಿನದು ಅಂತ ಅವನೇ ಹೇಳಿದ್ದ. ಈಗ ಅಲ್ಲಿ ಸಿಮೆಂಟು ಇರಲಿಲ್ಲ. ಒಡೆದ ಚೂರುಗಳು ಮೂಲೆಯಲ್ಲಿ ಎದೆಯೆತ್ತರ ಬಿದ್ದಿದ್ದವು. ಉಳಿದದ್ದೆಲ್ಲ ಅಗೆದು ಹದ ಮಾಡಿದ ಕಪ್ಪು ಮಣ್ಣು. ನಡುವೆ ಅವನು ಹಾರೆ ಹಿಡಿದು ನಿಂತಿದ್ದ. ಎಷ್ಟೋ ದಿನದಿಂದ ಗೋಡೆಯಾಚೆ ಕೇಳುತ್ತಿದ್ದ ದಬದಬ ಸದ್ದನ್ನು ನಾನು ಪೈಪ್ ರಿಪೇರಿ ಅಂದುಕೊಂಡಿದ್ದೆ.

"ಕೈ ತೋರಿಸಿ," ಅಂದೆ.

ಬಚ್ಚಿಟ್ಟುಕೊಂಡ. ನಾನೇ ಎಳೆದು ನೋಡಿದೆ. ಎರಡೂ ಅಂಗೈ ತುಂಬ ಬೊಬ್ಬೆ, ಕೆಲವು ಒಡೆದಿದ್ದವು.

"ಈ ಕೈಲಿ ಕತ್ತರಿ ಹೇಗೆ ಹಿಡಿತೀರಿ?"

"ಹಿಡಿಯೋಕಾಗ್ತಿಲ್ಲ. ಗಿರಾಕಿಗಳೆಲ್ಲ ಬೈಕೊಂಡು ವಾಪಸ್ ಹೋಗ್ತಿದಾರೆ."

"ನಾನು ಸೋಲ್ತೀನಿ ಅಂತ ಮೊದಲೇ ಗೊತ್ತಿತ್ತಾ?"

"ಇಲ್ಲ. ಗೆದ್ದಿದ್ರೂ ಒಡೀತಿದ್ದೆ." ಅವನು ನನ್ನ ಕಣ್ಣಲ್ಲೇ ಕಣ್ಣಿಟ್ಟು ಹೇಳಿದ. "ನನಗೆ ನೀವು ಗೋಡೆಯ ಈ ಕಡೆ ಬೇಕಾಗಿತ್ತು. ನಿಮ್ಮನ್ನ ಪ್ರೀತಿಸ್ತೀನಿ ಅಂತ ಬರಿಗೈಲಿ ಬಂದು ಹೇಳೋಕೆ ಮುಖ ಇರಲಿಲ್ಲ. ಮೊದಲು ತೆಗೆದುಕೊಂಡಿದ್ದನ್ನ ತಿರುಗಿ ಕೊಡಬೇಕಿತ್ತು."

ನಾನು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿದೆ. ಇನ್ನೂ ಸಣ್ಣ ಸಿಮೆಂಟಿನ ಹರಳುಗಳಿದ್ದವು. ಒಂದೊಂದಾಗಿ ಆರಿಸಿ ಎಸೆದೆ.

"ಹೋಗೋಣ್ವಾ?" ಅಂದ ಅವನು, ಆತುರದಲ್ಲಿ. "ನಿಮ್ಮ ಗಿಡ ಒಂದೆರಡಾದ್ರೂ ಉಳಿದಿರಬಹುದು. ಬೇರುಸಮೇತ ತಂದು ಇಲ್ಲೇ ನೆಡೋಣ."

"ಬೆಂಡೆ ಹಾಗೆ ಬರಲ್ಲ. ತಾಯಿಬೇರು ಅಲುಗಿದ್ರೆ ಸೊರಗಿ ಹೋಗುತ್ತೆ. ಅದನ್ನ ಎಲ್ಲಿ ಬೆಳೀಬೇಕೋ ಅಲ್ಲೇ ಬಿತ್ತಬೇಕು."

ಅವನ ಮುಖ ಬಾಡಿತು. ಬೀಜದ ಪೊಟ್ಟಣವನ್ನು ನಾನು ಅವನ ಬೊಬ್ಬೆಗೆ ನೋವಾಗದಂತೆ ಅಂಗೈ ನಡುವೆ ಇಟ್ಟೆ.

"ಇವನ್ನ ಇವತ್ತು ನೀರಲ್ಲಿ ನೆನೆಸು. ನಾಳೆ ಬಿತ್ತೋಣ. ಆಮೇಲೆ ಬಂದು ಚಿಕ್ಕಮ್ಮನ ಹತ್ರ ಮಾತಾಡು. ಅವರು ಬೇಡ ಅಂದ್ರೆ ಮಾರನೇ ದಿನವೂ ಬಾ. ಅವರಿಗಿಂತ ನನ್ನ ಹಟ ದೊಡ್ಡದು."

"ಏನು ಮಾತಾಡ್ಲಿ?"

"ಬೆಂಡೇನ ಕಿತ್ತು ನೆಡೋಕಾಗಲ್ಲ. ನನ್ನನ್ನ ನೆಡಬಹುದು ಅಂತ ಹೇಳು."