ಬೊಂಬಾಯಿಯವರು ಆರಿಸಿದ ಸುಂದರಿ

ಆ ದಿನ ಬೆಳಿಗ್ಗೆ ಕರ್ಕಿಯ ಮೇಲೆ ಮಂಜು ಇಳಿದಿತ್ತು. ಹೊಳೆ ಯಾವುದು, ಗದ್ದೆ ಯಾವುದು ಎಂದು ಹೇಳಲಾಗದಷ್ಟು ಮಂಜು. ತೆಂಗಿನ ಗರಿಯಿಂದ ಹನಿ ತೊಟ್ಟಿಕ್ಕುವ ಸದ್ದು ಬಿಟ್ಟರೆ, ದೂರದಲ್ಲಿ ಸಮುದ್ರದ ಉಸಿರು. ಸ್ವರಾಜ್ಯ ಬಂದ ವರ್ಷದ ಕಾರ್ತಿಕ ಮಾಸ. ದೇವರು ಲೋಕವನ್ನು ಇನ್ನೂ ಪೂರ್ತಿ ಬರೆದು ಮುಗಿಸಿಲ್ಲವೇನೋ ಅನ್ನಿಸುವಂಥ ಬೆಳಗು.

ಗಂಗಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಅವಳ ತಾಯಿ ಭಟ್ಕಳದ ತವರಿನಿಂದ ತಂದದ್ದು ಎರಡು ಮಲ್ಲಿಗೆ ಬಳ್ಳಿ, ಮತ್ತೆ ಬಾಳೆನಾರಿನಲ್ಲಿ ಒತ್ತೊತ್ತಾಗಿ ಹೂ ಕಟ್ಟುವ ಕೈ. ಊರಿನ ಯಕ್ಷಗಾನ ಮೇಳಕ್ಕೆ ಹೂವೆಲ್ಲ ಈ ಮನೆಯಿಂದಲೇ. ರಾಣಿಯ ಜಡೆಗೆ ಏಳು ಮೊಳ.

ರಾಣಿಯೆಂದರೆ ದುರ್ಗಪ್ಪ. ಹಗಲು ಗದ್ದೆಯ ಕೆಸರಿನಲ್ಲಿ ಇರುವವನು, ಆಟದ ದಿನ ಸೀರೆಯುಟ್ಟು ಹೆಣ್ಣಾಗುವವನು. ಅವನ ಜಡೆಗೆ ಹೂ ಕಟ್ಟುವಾಗ ಗಂಗಿಯ ಮನಸ್ಸು ಎಲ್ಲೆಲ್ಲೋ ತೇಲಿಹೋಗುತ್ತಿತ್ತು. ಹಾಗಾಗಿ ಆ ಏಳು ಮೊಳ ಯಾವತ್ತೂ ಎಂಟಾಗುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಸಿಡುಬು ಅವಳ ಎಡಗೆನ್ನೆಯ ತುಂಬ ಗುರುತು ಬಿಟ್ಟು ಹೋಗಿತ್ತು. ಹೋದ ವೈಶಾಖದಲ್ಲಿ ಕುಮಟೆಯಿಂದ ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, "ತಿಳಿಸ್ತೇವೆ" ಎಂದು ಹೋದವರು ಇನ್ನೂ ತಿಳಿಸಿರಲಿಲ್ಲ.

ಮಂಜನ್ನು ಸೀಳಿಕೊಂಡು ಅಣ್ಣಪ್ಪ ಬಂದ. ಬೊಂಬಾಯಿಯ ಹೋಟೆಲುಗಳಲ್ಲಿ ಹತ್ತು ವರ್ಷ ದುಡಿದು, ಈಗ ಹೊನ್ನಾವರದ ಬಂದರಿನಲ್ಲಿ ಚಾ ಅಂಗಡಿ ಇಟ್ಟವನು. ಕೈಯಲ್ಲಿ ಲಕೋಟೆ.

"ಗಂಗೀ, ನಿಮ್ಮ ರಾಣಿ ಗೆದ್ದ ಮಾರಾಯ್ತಿ!"

"ಎಂತ ಗೆದ್ದದ್ದು? ಓಟದ ಕೋಣನಾ?"

"ಸುಂದರಿ ಪಟ್ಟ! ಬೊಂಬಾಯಿ ಪೇಪರಿನಲ್ಲಿ ಹಾಕಿದ್ರು, ಇಡೀ ದೇಶಕ್ಕೆ ಒಬ್ಬಳು ಸುಂದರಿಯನ್ನ ಆರಿಸ್ತಾರಂತೆ. ಮುಂಚೆ ಸಾಹೇಬರ ಕ್ಲಬ್ಬಿನಲ್ಲಿ ಬಿಳಿ ಮಡ್ಡಮ್ಮಗಳಿಗೆ ಮಾತ್ರ ಕಿರೀಟ ಇಡ್ತಿದ್ರು, ನಾನೇ ಟ್ರೇ ಹಿಡ್ಕಂಡು ನೋಡಿದ್ದೆ. ಈಗ ಸ್ವರಾಜ್ಯ ಅಲ್ವಾ, ನಮ್ಮವರಿಗೇ ಕಿರೀಟ. ದುರ್ಗಪ್ಪ ವೇಷದಲ್ಲಿ ತೆಗೆಸಿದ್ದ ಫೋಟೋ ಒಂದು ನನ್ನ ಅಂಗಡಿಲಿತ್ತು, ಕಳಿಸಿದೆ. ಕಡೇ ಸುತ್ತಿನ ಹನ್ನೆರಡು ಮಂದಿಲಿ ಒಬ್ಬಳಾಗಿ ಆರಿಸಿ, ಬೊಂಬಾಯಿಗೆ ಕರ್ದಿದ್ದಾರೆ!"

"ಗಂಡಸು ಅಂತ ಬರೀಲಿಲ್ವಾ?"

"ಬರೆಯೂದೆಂತಕ್ಕೆ? ಕರ್ಕಿ ದುರ್ಗಪ್ಪನ ಸ್ತ್ರೀವೇಷ ಅಂದ್ರೆ ಗೇರುಸೊಪ್ಪೆ ಕಾಗೆಗೂ ಗೊತ್ತು. ಬೊಂಬಾಯಿಯವ್ರಿಗೆ ಗೊತ್ತಿಲ್ಲ ಅಂತ ನಂಗೇನು ಕನಸು ಬಿತ್ತಾ?"

ಗಂಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತಮೇಲೂ ಕಣ್ಣಿನ ನೀರು ನಿಲ್ಲಲಿಲ್ಲ. ಹೆಣ್ಣಾಗಿ ಹುಟ್ಟಿದ ತನ್ನನ್ನು ಕುಮಟೆ ಒಪ್ಪಲಿಲ್ಲ. ಹೆಣ್ಣಿನ ವೇಷ ಕಟ್ಟಿದವನನ್ನು ಬೊಂಬಾಯಿ ಒಪ್ಪಿತು. ಹೆಣ್ಣಾಗಿಯೂ ಅವನೇ ಚೆಂದ. ಇನ್ನು ಗಂಡಾಗಿ ಅವನು ತನ್ನನ್ನು ಯಾಕೆ ನೋಡಿಯಾನು?

"ಗಂಡಸು ಅಂತ ತಿಳಿದ್ರೂ ಅವ್ರು ಬಿಡೂದಿಲ್ಲ" ಅಣ್ಣಪ್ಪನ ಕನಸು ಆಗಲೇ ಹಡಗು ಹತ್ತಿತ್ತು. "ಅಲ್ಲಿಯ ನಾಟಕ ಕಂಪನಿಯವ್ರು ಎತ್ತಿ ಹಾಕಂಡು ಹೋಗ್ತಾರೆ. ನಾಳಿದ್ದೇ ಹಡಗಿದೆ. ಹೋದ ಅಂದ್ರೆ ಮತ್ತೆ ಈ ಕಡೆ ಎಲ್ಲಿ ಬತ್ತಾ!"

ಗಂಗಿಯ ಬೆರಳಲ್ಲಿದ್ದ ಗಂಟು ಸಡಿಲಾಯಿತು. ದೇವರೇ, ಅವನಿಗೆ ಒಳ್ಳೆಯದಾಗಲಿ, ಎಂದು ಬೇಡಿಕೊಂಡಳು. ಆದರೆ ಇಲ್ಲೇ ಆಗಲಿ, ಎಂದು ಕೂಡಲೇ ಸೇರಿಸಿದಳು.

ಅಷ್ಟರಲ್ಲಿ ದುರ್ಗಪ್ಪನೇ ಬಂದ. ಭತ್ತ ಕೊಯ್ಯಲು ಹೊರಟವನು. ಕೈಯಲ್ಲಿ ಕತ್ತಿ, ತಲೆಗೆ ಮುಂಡಾಸು. ಗಂಗಿ ರೂಢಿಯಂತೆ ಮುಖವನ್ನು ಆಚೆ ತಿರುಗಿಸಿ ಕಡೆಗಣ್ಣಿನಲ್ಲಿ ನೋಡಿದಳು. ಮೂಗಿನ ತುದಿಯಲ್ಲಿ ಒಂದು ಮಂಜಿನ ಹನಿ. ಇವನಾ ಸುಂದರಿ!

ಸುದ್ದಿ ಕೇಳಿ ಅವನು ನಗಲಿಲ್ಲ. "ಅಣ್ಣಪ್ಪಣ್ಣ, ಅವ್ರಿಗೆ ಎಂತ ಚೆಂದ ಕಂಡ್ತಂತೆ? ಓದು."

ಅಣ್ಣಪ್ಪ ಲಕೋಟೆಯಿಂದ ಕಾಗದವನ್ನೂ ಅದರ ಜೊತೆ ತಿರುಗಿ ಬಂದಿದ್ದ ಫೋಟೋವನ್ನೂ ತೆಗೆದು, ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು, ತಡವರಿಸುತ್ತ ಕನ್ನಡ ಮಾಡಿದ. "ಎಡಗೆನ್ನೆಯನ್ನ ಮರೆಮಾಡಿ, ಮುಖ ಒಂದಿಷ್ಟೇ ತಿರುಗಿಸಿ, ಕಡೆಗಣ್ಣಿನಿಂದ ನೋಡೂ ಆ ಪರಿ... ಅಂಥದ್ದನ್ನ ನಾವು ಬೇರೆ ಯಾರಲ್ಲೂ ಕಂಡಿಲ್ಲ, ಅಂತ ಬರ್ದಿದ್ದಾರೆ."

ಗಂಗಿಯ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

"ಆತು" ಎಂದ ದುರ್ಗಪ್ಪ. "ನಾನು ಗಂಡಸು, ಬರೂದಿಲ್ಲ ಅಂತ ಬರ್ದು ಹಾಕು. ಫೋಟೋ ಇಲ್ಲಿ ಕೊಡು."

"ಮಳ್ಳು ಹಿಡೀತಾ ನಿಂಗೆ? ಬೊಂಬಾಯಿ ಮಾರಾಯ, ಬೊಂಬಾಯಿ!"

"ಭತ್ತ ಉದುರ್ತದೆ. ಹೋಗು, ಒಳಗೆ ಗಂಗಿ ಅಮ್ಮ ಚಾ ಕಾಸಿದ್ದಾರೆ."

ಫೋಟೋವನ್ನು ಅವನ ಕೈಗಿಟ್ಟು, ಗೊಣಗುತ್ತ ಅಣ್ಣಪ್ಪ ಒಳಗೆ ಹೋದ. ಜಗಲಿಯಲ್ಲಿ ಇಬ್ಬರೇ ಉಳಿದರು. ಮಲ್ಲಿಗೆಯ ಪರಿಮಳ ಮಂಜಿನಲ್ಲಿ ಎಲ್ಲಿಗೂ ಹೋಗಲಾರದೆ ಅಲ್ಲೇ ಸುಳಿಯುತ್ತಿತ್ತು.

"ಹೋಗೂದಲ್ವಾ? ಕಿರೀಟ ಸಿಗ್ತಿತ್ತು" ಎಂದಳು ಗಂಗಿ, ಹೂವಿನ ಬುಟ್ಟಿಗೆ ಹೇಳಿದಂತೆ.

"ಮೇಳದ ಪೆಟ್ಟಿಗೆಲಿ ನಾಕು ಕಿರೀಟ ಇದೆ. ತಲೆನೋವು ಬತ್ತದೆ, ಅಷ್ಟೇ." ಅವನು ಮೆಟ್ಟಿಲ ಮೇಲೆ ಕೂತ. "ಗಂಗೀ, ವೇಷ ಕಲಿಸುವಾಗ ನಮ್ಮ ಗುರುಗಳು ಒಂದು ಮಾತು ಹೇಳಿದ್ರು. ಹೆಂಗಸರನ್ನ ನೋಡದೆ ಸ್ತ್ರೀವೇಷ ಬರೂದಿಲ್ಲ. ಕಂಡಕಂಡವರನ್ನ ದಿಟ್ಟಿಸೂದು ಪಾಪ. ಒಬ್ಬರನ್ನೇ ಗುರು ಅಂತ ಮನಸ್ಸಿನಲ್ಲಿಟ್ಟು ಕಲಿ, ಹೆಸರು ಬಂದ ದಿನ ಅದನ್ನ ಅವರಿಗೇ ಒಪ್ಪಿಸಿ ಋಣ ತೀರಿಸು, ಅಂತ. ನಾ ಹೂ ತಕಂಡು ಹೋಗೂಕೆ ಬಂದಾಗೆಲ್ಲ ನೀ ಹೀಂಗೆ ತಿರುಗಿ ಕೂತ್ಕತಿ. ಆರು ವರ್ಷ ಅದನ್ನೇ ಕಲ್ತೆ."

"ಅಯ್ಯೋ, ಅದು ಚೆಂದಕ್ಕಲ್ಲ ಮಾರಾಯ" ಎಂದಳು. "ಸಿಡುಬಿನ ಗುರುತು ಮರೆಸೂಕೆ."

"ಗೊತ್ತು. ನೀ ಮರೆಸೂದು ಅದೊಂದನ್ನೇ ಅಲ್ಲ ಅಂತಾನೂ ಗೊತ್ತು. ಏಳು ಮೊಳ ಅಂತ ಹೇಳಿ ಎಂಟು ಮೊಳ ಕಟ್ತಿ. ನಾ ಅಳೆದಿದ್ದೆ."

ಗಂಗಿಯ ಕಿವಿಯ ತುದಿ ಕೆಂಪಾಯಿತು. ಅದನ್ನು ಮರೆಸಲು ಅವಳಿಗೆ ಯಾವ ಬದಿಯೂ ಉಳಿದಿರಲಿಲ್ಲ. ಬಾಯಿಯೊಂದೇ ಉಳಿದಿತ್ತು.

"ಗುರು ಅಂತಿ. ಗುರುವನ್ನ ಯಾರಾದ್ರೂ ಹೀಂಗೆ ನೋಡ್ತಾರಾ?"

"ಅದೇ ಕಷ್ಟ ಆದದ್ದು" ಎಂದ ದುರ್ಗಪ್ಪ ಮೆತ್ತಗೆ. "ಋಣ ತೀರೂವರೆಗೆ ನೀ ನಂಗೆ ಗುರು. ಗುರುವನ್ನ ಮದುವೆಗೆ ಕೇಳೂಕಾಗ್ತದಾ? ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಇವತ್ತು ಈ ಫೋಟೋ ನಿಂಗೆ ಒಪ್ಪಿಸಿದ್ರೆ, ಸಂಜೆ ನಮ್ಮಪ್ಪ ನಿಮ್ಮನೆಗೆ ಬರ್ಲಕ್ಕಾ?"

ಒಳಗೆ ಅಣ್ಣಪ್ಪ ಬಸಿಯಲ್ಲಿ ಚಾ ಹೀರುವ ಸದ್ದು. ಗಂಗಿ ಮಡಿಲ ಹೂವನ್ನು ಬುಟ್ಟಿಗೆ ಸುರಿದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಮೊದ್ಲು ಒಪ್ಪಿಸು" ಎಂದಳು.

ದುರ್ಗಪ್ಪ ಕತ್ತಿಯನ್ನು ಕೆಳಗಿಟ್ಟ. ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಮೆಟ್ಟಿಲಿಂದ ಎದ್ದು, ಬಾಗಿ, ಎರಡೂ ಕೈಯಲ್ಲಿ ಹಿಡಿದ ಆ ಫೋಟೋವನ್ನು ಅವಳ ಬೊಗಸೆಗೆ ಇಟ್ಟ.