ಬದುಕಿರುವವನ ನಿಧನವಾರ್ತೆ

ಯುದ್ಧಕ್ಕೆ ಹೋಗುವ ವರದಿಗಾರರ ನಿಧನವಾರ್ತೆಯನ್ನು ನಮ್ಮ ಪತ್ರಿಕೆ ಮೊದಲೇ ಬರೆಸಿಡುತ್ತದೆ. ಈ ಸಲ ಆ ಕೆಲಸ ನನ್ನ ಪಾಲಿಗೆ ಬಂತು. ಆಫೀಸೆಲ್ಲ ಗೌರವದಿಂದ 'ಫಿರಂಗಿ' ಎಂದು ಕರೆಯುವ ಹಿರಿಯ ವರದಿಗಾರ ನನ್ನೆದುರು ಕುರ್ಚಿ ಎಳೆದು ಕುಳಿತ. ಎರಡು ವರ್ಷದಿಂದ ಅವನ ವರದಿಗಳನ್ನು ಕತ್ತರಿಸುವ ಉಪಸಂಪಾದಕಿ ನಾನೇ. ಪ್ರತಿ ಸಲವೂ ಜಗಳ.

"ಏನ್ ಮೇಡಂ, ನನ್ನನ್ನ ಸಾಯಿಸೋ ಕೆಲಸಾನೂ ನಿಮ್ಗೇ ಬಂತಂತೆ?"

"ಸಾಯೋದು ನೀವೇ ಸಾರ್. ನಾನು ಬರೆಯೋದಷ್ಟೇ. ಮೊದಲನೇ ಯುದ್ಧಕ್ಕೆ ಹೋದಾಗ ವಯಸ್ಸೆಷ್ಟು?"

"ಇಪ್ಪತ್ತಾರು. ಭಯ ಇರ್ಲಿಲ್ಲ ಅಂತ ಬರ್ಕೊಳ್ಳಿ."

"ಬುದ್ಧಿ ಇರ್ಲಿಲ್ಲ ಅಂತ ಬರ್ಕೋತೀನಿ."

ಅವನು ನಕ್ಕ. ನಕ್ಕಾಗ ಎಡಹುಬ್ಬಿನ ಮೇಲಿನ ಗಾಯದ ಗೆರೆ ಮಡಚಿಕೊಂಡಿತು. ನಾನು ಅದನ್ನು ನೋಡಿದ್ದನ್ನು ಅವನು ನೋಡಿದ. ನನಗೆ ಮೈ ಉರಿಯಿತು.

ಮುತ್ತಿಗೆಗೆ ಒಳಗಾದ ಊರಿನ ಆಸ್ಪತ್ರೆಯ ನೆಲಮಾಳಿಗೆಯಿಂದ ಕಳಿಸಿದ ವರದಿಗಳು, ಪ್ರಶಸ್ತಿಗಳು, ಮುರಿದ ಪಕ್ಕೆಲುಬು, ಎಲ್ಲವನ್ನೂ ಟೈಪ್ ಮಾಡಿದೆ. ಕೊನೆಯ ಸಾಲು ಉಳಿಯಿತು.

"ಮೃತರು ಯಾರನ್ನ ಅಗಲಿದ್ದಾರೆ?"

"ಅಕ್ಕ ಒಬ್ಳಿದ್ದಾಳೆ. ಅವಳಿಗೂ ನಿಮ್ಮ ಥರಾನೇ, ನನ್ನ ಕಂಡ್ರಾಗಲ್ಲ." ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಜೊತೆಗೆ ನಿಮ್ಮ ಹೆಸ್ರೂ ಸೇರಿಸ್ತೀರಾ? ತಮಾಷೆಗೆ ಕೇಳ್ತಿಲ್ಲ" ಎಂದ.

"ಆ ಸಾಲಲ್ಲಿ ಒಂದ್ಸಲ ಬಂದಿದೆ ನನ್ನ ಹೆಸ್ರು. ಸಾಕು."

"ಗೊತ್ತು."

"ಏನ್ ಗೊತ್ತು? ನನ್ನ ಗಂಡ ಹಾಲು ತರೋಕೆ ಹೋಗಿ ಲಾರಿಗೆ ಸಿಕ್ಕಿ ಸತ್ತ. ಬದುಕ್ಬೇಕು ಅಂತಿದ್ದವನು. ನೀವು ಸಾಯೋಕೆ ಟಿಕೆಟ್ ತಗೊಂಡು ಹೋಗ್ತೀರಿ. ಬಾಗಿಲಲ್ಲಿ ನಿಂತು ದಾರಿ ಕಾಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಅವನ ಮುಖದ ನಗು ಇಳಿಯಿತು.

"ಅಲ್ಲಿ ಸಾಯೋರ ಸುದ್ದಿ ಯಾರಾದ್ರೂ ಬರೀಬೇಕಲ್ಲ. ನಾಳೆ ಹೊರಡ್ತೀನಿ. ನಿಮಗೋಸ್ಕರ ನಿಲ್ತೀನಿ ಅಂತ ಸುಳ್ಳು ಹೇಳಲ್ಲ."

ಸುಳ್ಳು ಹೇಳಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

ನಾನು ಎದ್ದು ನೇರ ಸಂಪಾದಕರ ಕೋಣೆಗೆ ಹೋದೆ. ಅವನೂ ಹಿಂದೆಯೇ ಬಂದ.

"ಸಾರ್, ಇವರ ನಿಧನವಾರ್ತೆ ಬೇರೆಯವರಿಗೆ ಕೊಡಿ. ನಾನು ಬರೆಯಲ್ಲ."

ಸಂಪಾದಕರು ಕನ್ನಡಕ ತೆಗೆದರು. "ಯಾಕಮ್ಮಾ, ಮತ್ತೆ ಜಗಳವಾ?"

"ಜಗಳ ಇದ್ದಿದ್ದೇ. ನಿಧನವಾರ್ತೆನ ಮನೆಯವರ ಕೈಲಿ ಬರೆಸಬಾರದು ಅನ್ನೋ ರೂಲ್ ನಿಮ್ದೇ ಅಲ್ವಾ ಸಾರ್?"

ಸಂಪಾದಕರು ಕನ್ನಡಕ ಮತ್ತೆ ಹಾಕಿಕೊಂಡು ನಮ್ಮಿಬ್ಬರನ್ನೂ ನೋಡಿದರು. ನಾನು ಹಿಂತಿರುಗಿ ಅವನನ್ನು ನೋಡಲಿಲ್ಲ. ನನ್ನ ಕೋಪ ಇನ್ನೂ ಇಳಿದಿರಲಿಲ್ಲ.