ಮುಖ ತೋರದ ಒಂಬತ್ತು ವಾರ

ಅವಳು ಆಸ್ಪತ್ರೆಯ ಲಿಫ್ಟಿನೊಳಗೆ ಕಾಲಿಟ್ಟದ್ದೇ ತಡ, ಅವಳ ಔಷಧ ಪರೀಕ್ಷೆಯ ಲೆಕ್ಕ ನೋಡುವ ಅಂಕಿ ಮೇಷ್ಟ್ರು ಹೊರಗಿಳಿದುಬಿಟ್ಟರು. ಐದನೆಯ ಮಹಡಿಗೆ ಹೋಗಬೇಕಾದವರು ಫೈಲುಗಳನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ ಮೆಟ್ಟಿಲಿನತ್ತ ನಡೆದರು.

ಒಳಗಿದ್ದ ಹಿರಿಯ ನರ್ಸಮ್ಮ ಕಣ್ಣರಳಿಸಿದರು. "ಏನ್ ಡಾಕ್ಟ್ರೇ, ನೀವೇನು ಹುಲಿನಾ, ಕರಡಿನಾ? ಮೊನ್ನೆ ಕ್ಯಾಂಟೀನಲ್ಲೂ ನಿಮ್ಮನ್ನ ನೋಡಿ ಅರ್ಧ ಕಾಫಿ ಬಿಟ್ಟು ಎದ್ದುಹೋದ್ರು."

"ಮೆಟ್ಟಿಲು ಹತ್ತಿದ್ರೆ ಆರೋಗ್ಯಕ್ಕೆ ಒಳ್ಳೇದು, ಬಿಡಿ," ಎಂದಳು. ಮಹಡಿಯ ಗುಂಡಿ ಒತ್ತಿದಳು.

ಒಂಬತ್ತು ವಾರಗಳ ಹಿಂದಿನವರೆಗೆ ಅದೇ ಕ್ಯಾಂಟೀನಿನ ಕಿಟಕಿಯ ಬಳಿ ಅವಳಿಗೂ ಮೇಷ್ಟ್ರಿಗೂ ಒಂದೇ ಮೇಜು. ಮಾತಿಗೆ ಮುನ್ನ ಅವರ ಮುಖದಲ್ಲಿ ನಗೆ ಹೊರಡುತ್ತಿತ್ತು: ಮೊದಲು ಎಡಗೆನ್ನೆಯ ಗುಳಿ, ಆಮೇಲೆ ಕಣ್ಣಂಚು, ಕಟ್ಟಕಡೆಗೆ ತುಟಿ.

"ನನ್ನ ಮುಖಕ್ಕೆ ಬಾಗಿಲೇ ಇಲ್ಲ ರೀ. ಒಳಗಿದ್ದದ್ದೆಲ್ಲ ಬೀದಿಗೆ ಕಾಣುತ್ತೆ," ಎಂದು ಅವರೇ ಹೇಳಿಕೊಂಡಿದ್ದರು.

ಅವಳ ಔಷಧ ಮೊದಲು ಕ್ಯಾನ್ಸರಿನ ಮೇಲೆ ದಂಡೆತ್ತಿ ಹೋಗಿ ಸೋತು ಬಂದಿತ್ತು. ಜೀವಕೋಶದ ಮೇಲೊಂದು ಬೀಗವಿದೆ. ದೇಹದ್ದೇ ಆದ ರಾಸಾಯನಿಕವೊಂದು ಕೀಲಿಯಂತೆ ಬಂದು ಅದನ್ನು ತೆರೆದು ರಕ್ತನಾಳವನ್ನು ಹಿಂಡುತ್ತದೆ. ಔಷಧ ಮುಂಚೆಯೇ ಹೋಗಿ ಆ ಬೀಗದಲ್ಲಿ ಕುಳಿತು ಕೀಲಿಗೆ ಎಡೆಗೊಡದು. ಗೆಡ್ಡೆಗಳು ಇದಕ್ಕೆ ಜಗ್ಗಲಿಲ್ಲ. ಎಲ್ಲರೂ ಕೈತೊಳೆದುಕೊಂಡ ಮೇಲೆ, ಸೋಲಿನ ಆ ಕಡತಗಳಲ್ಲೇ ಅವಳಿಗೊಂದು ಸಾಲು ಕಂಡಿತು: ಮೂತ್ರದಲ್ಲಿ ಸೋರುವ ಪ್ರೋಟೀನು ಇಳಿದಿತ್ತು. ಹಾಗಾದರೆ ಇದು ಮೂತ್ರಪಿಂಡವನ್ನು ಕಾಯಬಹುದು! "ಹೆತ್ತವರಿಗೆ ಹೆಗ್ಗಣ ಮುದ್ದು" ಎಂದು ನಕ್ಕವರೆದುರು ಏಳು ವರ್ಷ ಹೋರಾಡಿ ಈ ಹೊಸ ಪರೀಕ್ಷೆಯನ್ನು ಆರಂಭಿಸಿದ್ದಳು.

ಅರ್ಧದಷ್ಟು ರೋಗಿಗಳಿಗೆ ಔಷಧ. ಉಳಿದವರಿಗೆ ಅದರಂತೆಯೇ ಕಾಣುವ ಬರಿಯ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಅವಳಿಗೂ ತಿಳಿಯದು. ರೋಗಿಗಳ ಸುರಕ್ಷತೆಗಾಗಿ ನಡುವೆ ಒಮ್ಮೆ ಮುಸುಕು ಸರಿಸಿ ನೋಡುವ ಅಧಿಕಾರ ಮೇಷ್ಟ್ರೊಬ್ಬರಿಗೇ. ಅವರು ನೋಡಿದ್ದು ಒಂಬತ್ತು ವಾರಗಳ ಹಿಂದೆ. ಅಂದಿನಿಂದಲೇ ಈ ಓಟ.

ಸೋತಿದೆ, ಅಂದುಕೊಂಡಳು. ಕನಿಕರವನ್ನು ಬಚ್ಚಿಡಲಾರದೆ ಓಡುತ್ತಿದ್ದಾರೆ.

"ಒಂದ್ಸಲ ಕೇಳೇ ಬಿಡಿ ತಾಯಿ," ಎಂದರು ನರ್ಸಮ್ಮ.

"ಕೇಳಲ್ಲ. ಕೇಳಿದ್ರೆ ಅವರು ಸುಳ್ಳು ಹೇಳ್ಬೇಕು, ಇಲ್ಲಾ ನಿಯಮ ಮುರೀಬೇಕು. ಎರಡನ್ನೂ ಅವರ ಕೈಲಿ ಮಾಡಿಸಲ್ಲ."

ವಾಕ್ಸಂಯಮವನ್ನು ತಪಸ್ಸೆಂದು ಕರೆದ ಹಿರಿಯರು ಪ್ರೇಮಿಗಳನ್ನೂ ಕಂಡವರೇ ಇರಬೇಕು.

ಮರುದಿನ ಫಲಿತಾಂಶದ ಸಭೆ. ಸೋತರೂ ತಲೆ ತಗ್ಗಿಸಕೂಡದೆಂದು ಅವಳು ಮೊದಲ ಸಾಲಿನಲ್ಲೇ ಕುಳಿತಳು. ತೆರೆಯ ಮೇಲೆ ಮೂತ್ರಪಿಂಡದ ಶಕ್ತಿಯನ್ನು ತೋರುವ ಎರಡು ಗೆರೆಗಳು ಒಂದೇ ಬಿಂದುವಿನಿಂದ ಹೊರಟವು. ಒಂದು ದಡದಡನೆ ಇಳಿಯಿತು. ಇನ್ನೊಂದು ಇಳಿಯಲೊಲ್ಲದೆ ನಿಂತು ನಿಂತು ಸಾಗಿತು.

"ಕೆಳಗಿನದು ಬರಿಯ ಮಾತ್ರೆ," ಎಂದರು ಮೇಷ್ಟ್ರು. "ಮೇಲಿನದು..." ಅವರು ಆ ಗೆರೆಯ ಮೇಲೆ ಬೆರಳಿಟ್ಟರು. "ಮೇಲಿನದು ಇವರ ಔಷಧ."

ಸಭೆ ಎದ್ದು ನಿಂತಿತು. ಅವಳಿಗೆ ಕಂಡದ್ದು ಎಡಗೆನ್ನೆಯ ಗುಳಿ, ಕಣ್ಣಂಚು, ತುಟಿ.

ಜನ ಕರಗಿದ ಮೇಲೆ ಲಿಫ್ಟಿನ ಮುಂದೆ ಅವರನ್ನು ಹಿಡಿದಳು. "ಇದನ್ನ ಮೊದಲೇ ನೋಡಿದ್ರಿ. ಮತ್ತೆ ಯಾಕೆ ಓಡಿಹೋಗ್ತಿದ್ರಿ?"

"ನಿಂತಿದ್ರೆ ನಗ್ತಿದ್ದೆ. ನಕ್ಕಿದ್ರೆ ನಿಮಗೆ ಗೊತ್ತಾಗ್ತಿತ್ತು. ಆಮೇಲೆ ಯಾರೋ ಒಬ್ಬ, ಮೊದಲೇ ತಿಳ್ಕೊಂಡು ಗೆದ್ಲು ಅಂತಿದ್ದ. ಏಳು ವರ್ಷದ ಗೆಲುವಿಗೆ ನನ್ನ ನಗುವಿನ ಕಳಂಕ ಯಾಕೆ?"

"ನಾನು ಕಳ್ಕೊಂಡೆ ಅಂದ್ಕೊಂಡಿದ್ದೆ. ಔಷಧಾನೂ, ನಿಮ್ಮನ್ನೂ."

"ಗೊತ್ತಿತ್ತು. ಆದ್ರೂ ನೀವು ಒಂದು ಮಾತೂ ಕೇಳಲಿಲ್ಲ. ನನಗೆ ಹೆಮ್ಮೆ ಆ ಗೆರೆ ಬಗ್ಗೆ ಅಲ್ಲ ರೀ, ನೀವು ಕೇಳದೇ ಇದ್ದದ್ದರ ಬಗ್ಗೆ." ಅವರು ಫೈಲಿನ ಅಂಚು ಸವರಿದರು. "ಪ್ರೀತಿಸ್ತೀನಿ. ಇದನ್ನೂ ಒಂಬತ್ತು ವಾರ ತಡೆದಿಟ್ಟಿದ್ದೆ."

ಲಿಫ್ಟು ತೆರೆಯಿತು. ಅವಳು ಒಳಹೊಕ್ಕು, ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದಳು.

"ಭಾನುವಾರ ಮನೆಗೆ ಬನ್ನಿ. ನಮ್ಮಮ್ಮನ ಮುಂದೆ ಏನೂ ಹೇಳ್ಬೇಡಿ. ಸುಮ್ನೆ ನಕ್ಕರೆ ಸಾಕು."

ಮೇಷ್ಟ್ರು ಒಳಗೆ ಬಂದರು. ಐದನೆಯ ಮಹಡಿ ಬಂತು, ಹೋಯಿತು, ಅವರು ಇಳಿಯಲಿಲ್ಲ.